ಗೇಮ್ ಕಂಪನಿ ಕೆಲಸಕ್ಕ ಹೋಗಬೇಕೋ ಬ್ಯಾಡೋ? ಗ್ರೂಪಿನ ಪ್ರಶ್ನೋತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಈ ವಾರದ ವಿಷಯ ವಿಡಿಯೊ ಗೇಮ್ ಉದ್ಯಮದ ಕೆಲಸ. ಉತ್ತರ ಬರೆದವರು ಅದೇ ಕ್ಷೇತ್ರದಲ್ಲಿರುವ ಒಬ್ಬ ಪ್ರೋಗ್ರಾಮರ್, ಒಬ್ಬ 3ಡಿ ಆರ್ಟಿಸ್ಟ್, ಒಬ್ಬ ಟೆಸ್ಟರ್.

ಪ್ರಶ್ನೆ (ಬಿಸಿಎ 2ನೇ ವರ್ಷ, ಬಾಗಲಕೋಟೆ): ನಮಸ್ಕಾರ್ರಿ ಸರ್. ನನಗ ಗೇಮ್ ಅಂದ್ರ ಜೀವ. ಗೇಮ್ ಕಂಪನಿಯೊಳಗ ಕೆಲಸ ಮಾಡಬೇಕಂತ ಭಾಳ ಆಸೆ ಐತಿ. ಬಿಸಿಎ ಬಿಟ್ಟು ಬೆಂಗಳೂರಾಗ ಒಂದು ವರ್ಷದ ಕೋರ್ಸ್ ಮಾಡ್ಲೇನ್ರಿ? 4 ಲಕ್ಷ ಫೀ ಹೇಳತಾರ.

ಪ್ರೋಗ್ರಾಮರ್: ಡಿಗ್ರಿ ಬಿಡಬ್ಯಾಡ ತಮ್ಮಾ. ದೊಡ್ಡ ಸ್ಟುಡಿಯೊಗಳು ಅರ್ಜಿಯಲ್ಲಿ ಪದವಿ ಕೇಳುವುದು ಸಾಮಾನ್ಯ. ಗೇಮ್ ಕೆಲಸ ತಡವಾದರೂ ಬಿಸಿಎ ಜತೆ ಕಲಿತ ಸಿ ಶಾರ್ಪ್ ಅಥವಾ ಸಿ ಪ್ಲಸ್ ಪ್ಲಸ್ ಬೇರೆ ಕಡೆ ಅನ್ನ ಹಾಕುತ್ತದೆ: ಕಾರಿನ ಡಿಸ್‌ಪ್ಲೇ, ತರಬೇತಿ ಸಿಮ್ಯುಲೇಟರ್, ಕಟ್ಟಡಗಳ 3ಡಿ ನೋಟ ಇವೆಲ್ಲ ಈಗ ಗೇಮ್ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಮೇಲೆಯೇ ತಯಾರಾಗುತ್ತಿವೆ. ಆ 4 ಲಕ್ಷ ಈಗಲೇ ಕಟ್ಟಬೇಡ. ಮೊದಲ ವರ್ಷಕ್ಕೆ ಬೇಕಾದ ಪಾಠ ಯೂನಿಟಿ, ಅನ್‌ರಿಯಲ್, ಗೋಡೋ ಈ ಮೂರೂ ಎಂಜಿನ್‌ಗಳವರು ಪುಕ್ಕಟೆ ಇಟ್ಟಿದ್ದಾರೆ.

ಎಂಜಿನ್‌ಗೂ ದುಡ್ಡು ಬೇಕಿಲ್ಲ. ಗೋಡೋ ಪೂರ್ತಿ ಉಚಿತ. ಯೂನಿಟಿಯ ಪರ್ಸನಲ್ ಆವೃತ್ತಿ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯದವರೆಗೆ ಉಚಿತ. ಅನ್‌ರಿಯಲ್ ಒಂದು ಗೇಮಿನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ. 5 ಕೇಳುತ್ತದೆ. ಮೊಬೈಲ್ ಗೇಮ್ ಕಂಪನಿ ಕಡೆ ಕಣ್ಣಿದ್ದರೆ ಯೂನಿಟಿ ಹಿಡಿ. ಕನ್ಸೋಲ್, ಪಿಸಿಯ ದೊಡ್ಡ ಗೇಮ್ ಅಂದರೆ ಅನ್‌ರಿಯಲ್. ಮನೆಯಲ್ಲಿರೋದು 8 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪ್ ಆದರೆ ಗೋಡೋದಿಂದ ಶುರು ಮಾಡು, ಅದು ಹಗುರ.

ಈಗ ಮುಖ್ಯ ಮಾತು. ಆಡುವ ಪ್ರೀತಿ ಬೇರೆ, ಕಟ್ಟುವ ಕೆಲಸ ಬೇರೆ. ಎರಡನೆಯದು ನಿನಗೆ ಹಿಡಿಸುತ್ತದೋ ಇಲ್ಲವೋ ಅನ್ನೋದು ಯಾರನ್ನು ಕೇಳಿದರೂ ಗೊತ್ತಾಗಲ್ಲ, ಒಂದು ಸಣ್ಣ ಗೇಮ್ ಮುಗಿಸಿದರೆ ಗೊತ್ತಾಗುತ್ತದೆ. ದಿನಕ್ಕೆ ಒಂದೂವರೆ ತಾಸಿನಂತೆ 10 ವಾರ ಇಟ್ಟುಕೋ. ಬ್ಯಾಟಲ್ ರಾಯಲ್ ಮಾಡ್ತೀನಿ ಅಂತ ಹೊರಡಬೇಡ. ಲಗೋರಿ ಮಾಡು: ಒಂದೇ ಪರದೆ, 7 ಕಲ್ಲು, ಒಂದು ಚೆಂಡು, ಬೆರಳಿನಿಂದ ಎಳೆದು ಎಸೆಯೋದು, ಅಂಕ, ಮತ್ತೊಮ್ಮೆ ಆಡುವ ಬಟನ್. ಮೊದಲ 3 ವಾರ ಬರೀ ಚೌಕ ಡಬ್ಬಿಗಳಲ್ಲೇ ಆಟ ನಡೆಯಬೇಕು. ಚಿತ್ರ, ಧ್ವನಿ ಆಮೇಲೆ. ಕೊನೆಯ 3 ವಾರ ಬರೀ ತಪ್ಪು ತಿದ್ದೋದಕ್ಕೆ.

ಇದರಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತೀ ಅಂದರೆ, ಜೋರಾಗಿ ಎಸೆದ ಚೆಂಡು ಕಲ್ಲಿಗೆ ಬಡಿಯದೆ ಅದರ ಮೂಲಕವೇ ಆಚೆ ಹೋಗಿಬಿಡುತ್ತದೆ. ಯೂನಿಟಿಯಲ್ಲಿ ಫಿಸಿಕ್ಸ್ ಲೆಕ್ಕ (ವಸ್ತುಗಳ ಚಲನೆ, ಡಿಕ್ಕಿಯ ಲೆಕ್ಕ) ಸೆಕೆಂಡಿಗೆ 50 ಸಲ, ಅಂದರೆ 0.02 ಸೆಕೆಂಡಿಗೊಮ್ಮೆ ನಡೆಯುತ್ತದೆ. ಚೆಂಡಿನ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಅದು 40 ಸೆಂ.ಮೀ. ಮುಂದೆ ಹೋಗಿರುತ್ತದೆ. ಕಲ್ಲಿನ ದಪ್ಪ 10 ಸೆಂ.ಮೀ. ಮೊದಲ ಲೆಕ್ಕದಲ್ಲಿ ಚೆಂಡು ಕಲ್ಲಿನ ಈಚೆ, ಮುಂದಿನದರಲ್ಲಿ ಆಚೆ; ತಾಗಿದ್ದು ಎಂಜಿನ್‌ಗೆ ಕಾಣಿಸೋದೇ ಇಲ್ಲ. ಚೆಂಡಿನ ರಿಜಿಡ್‌ಬಾಡಿಯಲ್ಲಿ (ಫಿಸಿಕ್ಸ್ ಸೆಟ್ಟಿಂಗಿನ ಭಾಗ) ಕೊಲಿಷನ್ ಡಿಟೆಕ್ಷನ್ (ಡಿಕ್ಕಿ ಗುರುತಿಸುವ ರೀತಿ) ‘ಕಂಟಿನ್ಯುಯಸ್ ಡೈನಾಮಿಕ್’, ಕಲ್ಲುಗಳಲ್ಲಿ ‘ಕಂಟಿನ್ಯುಯಸ್’ ಇಟ್ಟರೆ ಸರಿಹೋಗುತ್ತದೆ. ಇಂಥದ್ದು ಎದುರಾದಾಗ ಕಾರಣ ಹುಡುಕುತ್ತ ಊಟ ಮರೆತು ಕೂತೆಯಾ, ಈ ಕೆಲಸ ನಿನ್ನದು. ಬೇಜಾರಾಗಿ ಮುಚ್ಚಿಟ್ಟೆಯಾ, ಅದರಲ್ಲೇನೂ ತಪ್ಪಿಲ್ಲ. ಗೇಮ್ ಆಡಿ ಸುಖಪಡು, ಬೇರೆ ಕೆಲಸ ಮಾಡು.

ಅದೇ ವಿದ್ಯಾರ್ಥಿ: ಗಣಿತ ಎಷ್ಟು ಬೇಕ್ರಿ ಸರ್?

ಪ್ರೋಗ್ರಾಮರ್: ಪಿಯುಸಿಯ ವೆಕ್ಟರ್, ತ್ರಿಕೋನಮಿತಿ, ಮ್ಯಾಟ್ರಿಕ್ಸ್ ಗಟ್ಟಿ ಇರಲಿ, ಇಂಟರ್‌ವ್ಯೂನಲ್ಲೂ ಅಲ್ಲಿಂದಲೇ ಕೇಳುತ್ತಾರೆ. ಉದಾಹರಣೆಗೆ, ಕಾವಲುಗಾರನಿಗೆ ಆಟಗಾರ ಕಾಣುತ್ತಾನೋ ಇಲ್ಲವೋ? ಕಾವಲುಗಾರನ ಮುಖದ ದಿಕ್ಕು, ಆಟಗಾರನ ಕಡೆಗಿನ ದಿಕ್ಕು, ಎರಡನ್ನೂ ಉದ್ದ 1 ಆಗುವಂತೆ ಮಾಡಿ ಡಾಟ್ ಪ್ರಾಡಕ್ಟ್ (ಎರಡು ದಿಕ್ಕು ಎಷ್ಟು ಹೊಂದುತ್ತವೆ ಅನ್ನುವ ಸಂಖ್ಯೆ) ತೆಗಿ. ನೋಟದ ಅಗಲ ಒಟ್ಟು 120 ಡಿಗ್ರಿ ಇದ್ದರೆ ಉತ್ತರ 0.5ಕ್ಕಿಂತ ಹೆಚ್ಚು ಬರಬೇಕು, ಯಾಕಂದರೆ 60 ಡಿಗ್ರಿಯ ಕೊಸೈನ್ 0.5. ನಡುವೆ ಗೋಡೆ ಇದೆಯೇ ಅಂತ ನೋಡಲು ಒಂದು ರೇಕಾಸ್ಟ್, ಅಂದರೆ ಕಣ್ಣಿಗೆ ಕಾಣದ ನೇರ ಗೆರೆ ಎಸೆದು ನೋಡೋದು. ಅಷ್ಟೇ.

ಪ್ರಶ್ನೆ (ಬಿ.ಕಾಂ. ಮುಗಿಸಿದವರು, ವಿಜಯಪುರ): ಅಕ್ಕಾರ, ನನಗ ಕೋಡಿಂಗ್ ಬರಂಗಿಲ್ಲ, ಚಿತ್ರ ಚಲೋ ತೆಗೀತೀನಿ. 3ಡಿ ಮಾಡೆಲಿಂಗ್ ಕಲೀಬೇಕಂದ್ರ ಎಲ್ಲಿಂದ ಶುರು ಮಾಡಬೇಕು? ಪೋರ್ಟ್‌ಫೋಲಿಯೊದಾಗ (ಕೆಲಸದ ಮಾದರಿ ಸಂಗ್ರಹದಾಗ) ಏನಿರಬೇಕು?

3ಡಿ ಆರ್ಟಿಸ್ಟ್: 3ಡಿ ತಂತ್ರಾಂಶ ಬ್ಲೆಂಡರ್ ಹಾಕಿಕೊಳ್ಳಿ, ಉಚಿತ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದ ಲ್ಯಾಪ್‌ಟಾಪ್ ಕಲಿಕೆಗೆ ಸಾಕು. ಮೂರು ಗುಂಡಿಯ ಮೌಸ್ ಮಾತ್ರ ತಪ್ಪದೇ ತಗೊಳ್ರಿ, ಟಚ್‌ಪ್ಯಾಡಿನಲ್ಲಿ ಮಾಡೆಲಿಂಗ್ ಆಗೋದಿಲ್ಲ.

ನಿಮ್ಮೂರಲ್ಲೇ ಪೋರ್ಟ್‌ಫೋಲಿಯೊ ನಿಂತಿದೆ. ಗೋಳಗುಮ್ಮಟದ ನಾಲ್ಕು ಮೂಲೆಗೆ 7 ಅಂತಸ್ತಿನ ಎಂಟು ಮುಖದ ಮಿನಾರುಗಳಿವೆ. ಹೊಸಬರು ಇಡೀ ಕಟ್ಟಡವನ್ನು ಒಂದೇ ಮಾಡೆಲ್ ಆಗಿ ಮಾಡಲು ಕೂರುತ್ತಾರೆ, ಎರಡು ವಾರದಲ್ಲಿ ಫೈಲ್ ಭಾರವಾಗಿ ಕೈಬಿಡುತ್ತಾರೆ. ನೀವು ಒಂದು ಅಂತಸ್ತಿನ ಒಂದು ಮುಖ, ಒಂದು ಕಮಾನಿನ ಕಿಟಕಿ, ಅಷ್ಟೇ ಮಾಡಿ. 8 ಮುಖ, 7 ಅಂತಸ್ತು, 4 ಮಿನಾರು ಅಂದರೆ ಅದೇ ತುಂಡು 224 ಸಲ ಕೂರುತ್ತದೆ. ಗೋಡೆಗೆ ಅಂಟಿದ ಬದಿ ಬಿಟ್ಟರೆ ಇನ್ನೂ ಕಡಿಮೆ. ನಕಲು ಮಾಡುವಾಗ ಶಿಫ್ಟ್ ಡಿ ಬೇಡ, ಆಲ್ಟ್ ಡಿ ಒತ್ತಿ. ಆಗ ಎಲ್ಲವೂ ಒಂದೇ ಮೆಶ್ (ಆಕಾರದ ಬಲೆ) ಹಂಚಿಕೊಳ್ಳುತ್ತವೆ, ಮೂಲದಲ್ಲಿ ಒಂದು ಗೆರೆ ತಿದ್ದಿದರೆ ಎಲ್ಲ ಕಡೆ ತಿದ್ದುತ್ತದೆ.

ತುಂಡಿನ ಅಳತೆ ಮೀಟರಿನಲ್ಲಿ ಇರಲಿ, ಪಿವಟ್ (ತುಂಡನ್ನು ಸರಿಸಿ ತಿರುಗಿಸುವ ಬಿಂದು) ಕೆಳಗಿನ ಮೂಲೆಯಲ್ಲಿ ಇರಲಿ, ಗ್ರಿಡ್ಡಿಗೆ ಸ್ನ್ಯಾಪ್ ಮಾಡಿಯೇ (ಚೌಕಗಳ ಗೆರೆಗೆ ಅಂಟಿಸಿಯೇ) ಜೋಡಿಸಿ. ಕಣ್ಣಳತೆಯಲ್ಲಿ ಕೂರಿಸಿದರೆ ಎಂಜಿನ್ನಿನಲ್ಲಿ ಸಂದುಗಳಿಂದ ಬೆಳಕಿನ ಗೆರೆ ಸೋರುತ್ತದೆ. ಎಕ್ಸ್‌ಪೋರ್ಟ್ ಮಾಡುವ ಮುಂಚೆ ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಬ್ಲೆಂಡರಿನಲ್ಲಿ ಸರಿ ಕಂಡ ಗೋಡೆ ಯೂನಿಟಿಯಲ್ಲಿ ತೂತಾಗಿ ಕಂಡರೆ ನಾರ್ಮಲ್ (ಮುಖ ಯಾವ ಕಡೆ ನೋಡುತ್ತಿದೆ ಅನ್ನುವ ದಿಕ್ಕು) ಉಲ್ಟಾ ಆಗಿದೆ ಅಂತ ತಿಳಿಯಿರಿ. ಎಂಜಿನ್ ಬೆನ್ನು ತೋರಿಸುವ ಮುಖವನ್ನು ಬಿಡಿಸುವುದೇ ಇಲ್ಲ. ಎಲ್ಲ ಮುಖ ಆಯ್ದು ಶಿಫ್ಟ್ ಎನ್ ಒತ್ತಿ.

ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಸುತ್ತಳತೆಗೆ 32 ಭಾಗ ಕೊಟ್ಟರೆ ಒಂದೊಂದು ಅಂಚು 4.3 ಮೀಟರ್ ಆಗುತ್ತದೆ. ದೂರದಿಂದ ದುಂಡಗೆ ಕಾಣುತ್ತದೆ, ಹತ್ತಿರದಿಂದ ಮೂಲೆ ಮೂಲೆ ಕಾಣುತ್ತದೆ. ಹತ್ತಿರಕ್ಕೆ 64, ದೂರಕ್ಕೆ 32, ಇನ್ನೂ ದೂರಕ್ಕೆ 16 ಅಂತ ಮೂರು ಎಲ್‌ಒಡಿ (ದೂರಕ್ಕೆ ತಕ್ಕ ವಿವರದ ಮಾಡೆಲ್) ಮಾಡಿ. ಬುಡದ ಕಮಲದ ಎಸಳು ಕೂಡ ಒಂದೇ ಮಾಡಿ ಸುತ್ತ ತಿರುಗಿಸಿ.

ಗೋಡೆಗೆ ಒಂದೇ ದೊಡ್ಡ ಟೆಕ್ಸ್ಚರ್ (ಮಾಡೆಲ್ ಮೇಲೆ ಹೊದಿಸುವ ಚಿತ್ರ) ಹೊದಿಸಬೇಡಿ. 2 ಮೀಟರಿಗೆ 1024 ಪಿಕ್ಸೆಲ್ ಬರುವ, ಅಂಚು ಸೇರಿದ್ದು ಕಾಣದ ಟೆಕ್ಸ್ಚರ್ ಮಾಡಿ ಪುನರಾವರ್ತಿಸಿ. ಮೀಟರಿಗೆ 512 ಪಿಕ್ಸೆಲ್ ಆಯಿತು. ಕಟ್ಟಡದ ಎಲ್ಲ ಭಾಗಕ್ಕೂ ಇದೇ ಪ್ರಮಾಣ ಇರಲಿ, ಒಂದು ಕಡೆ ಚೂಪು ಇನ್ನೊಂದು ಕಡೆ ಮಸುಕು ಆದರೆ ಪೋರ್ಟ್‌ಫೋಲಿಯೊ ನೋಡುವವರ ಕಣ್ಣಿಗೆ ಮೊದಲು ಬೀಳುವುದೇ ಅದು. 1024ರ ಒಂದು ಟೆಕ್ಸ್ಚರ್ ಕುಗ್ಗಿಸದೆ ಇಟ್ಟರೆ 4 ಎಂಬಿ ಮೆಮೊರಿ ತಿನ್ನುತ್ತದೆ, ಎಎಸ್‌ಟಿಸಿ 6×6 (ಚಿತ್ರ ಕುಗ್ಗಿಸುವ ಒಂದು ವಿಧಾನ) ಕೊಟ್ಟರೆ ಅರ್ಧ ಎಂಬಿಗೂ ಕಡಿಮೆ. ಮೊಬೈಲ್ ಗೇಮಿಗೆ ಈ ಲೆಕ್ಕ ಗೊತ್ತಿದ್ದ ಆರ್ಟಿಸ್ಟ್ ಬೇಕು.

ಪೋರ್ಟ್‌ಫೋಲಿಯೊದಲ್ಲಿ 3 ಕೆಲಸ ಸಾಕು, 20 ಅರೆಬರೆ ಬೇಡ. ಪ್ರತಿಯೊಂದಕ್ಕೂ ಅಂತಿಮ ಚಿತ್ರ, ವೈರ್‌ಫ್ರೇಮ್ (ಮಾಡೆಲಿನ ಗೆರೆಗಳ ನೋಟ), ಟೆಕ್ಸ್ಚರ್ ಹಾಳೆ, ತ್ರಿಕೋನಗಳ ಸಂಖ್ಯೆ ತೋರಿಸಿ. ಬೇರೆಯವರ ಪಾಠ ನೋಡಿ ಮಾಡಿದ ಡೋನಟ್ ಹಾಕಬೇಡಿ, ಅದನ್ನು ಎಲ್ಲರೂ ಗುರುತಿಸುತ್ತಾರೆ. ಕಾಲೇಜಿನಲ್ಲೇ ಓದಬೇಕು ಅಂದರೆ ಎನ್‌ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು.

ಪ್ರಶ್ನೆ (ಪಾಲಕರು, ಬೆಳಗಾವಿ ತಾಲ್ಲೂಕು): ನಮ್ಮ ಹುಡುಗ ಇದ ಬೇಕಂತ ಹಟ ಹಿಡದಾನ್ರಿ. ಆನ್‌ಲೈನ್ ಗೇಮ್ ಸರಕಾರ ಬಂದ್ ಮಾಡೇತಿ ಅಂತ ಪೇಪರಿನ್ಯಾಗ ಓದೀನಿ. ಇದು ಜೂಜಿನ ಧಂದೆ ಏನ್ರಿ? ನೌಕರಿ ಗ್ಯಾರಂಟಿ ಐತೇನು?

ಪ್ರೋಗ್ರಾಮರ್: ನಿಮ್ಮ ಚಿಂತೆ ಸರಿಯಾದದ್ದೇ ಐತ್ರಿ ಸರ್. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್‌ಗೆ (ವಿಡಿಯೊ ಗೇಮ್ ಪಂದ್ಯಗಳಿಗೆ), ದುಡ್ಡು ಪಣಕ್ಕಿಡದ ಸಾಮಾನ್ಯ ಗೇಮುಗಳಿಗೆ ಅದು ಅಡ್ಡಿಯಲ್ಲ. ಆದ್ದರಿಂದ ಮಗ ಎಲ್ಲೇ ಇಂಟರ್‌ವ್ಯೂಗೆ ಹೋದರೂ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಲಿ: ಗೇಮ್ ಮಾರಾಟವೋ, ಜಾಹೀರಾತೋ, ಹೊರದೇಶದ ಸ್ಟುಡಿಯೊಗಳ ಗುತ್ತಿಗೆ ಕೆಲಸವೋ.

ಗ್ಯಾರಂಟಿ ಇಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಗೇಮ್ ವಿಭಾಗದಿಂದ 1,900 ಜನರನ್ನು, ಮರುತಿಂಗಳು ಸೋನಿ ಪ್ಲೇಸ್ಟೇಷನ್ ಸುಮಾರು 900 ಜನರನ್ನು ಕೆಲಸದಿಂದ ತೆಗೆದವು. ಗೇಮ್ ಬಿಡುಗಡೆಯಾದ ಮೇಲೆ ತಂಡ ಕಿರಿದಾಗುವುದು ಈ ಉದ್ಯಮದ ರೀತಿ. ಬಿಡುಗಡೆಗೆ ಮುಂಚಿನ ವಾರಗಳಲ್ಲಿ ರಾತ್ರಿ ತನಕ ಕೆಲಸವೂ ಇರುತ್ತದೆ. ನಮ್ಮ ಭಾಗದಿಂದ ಮಕ್ಕಳು ಹೋಗುವುದು ಬೆಂಗಳೂರು, ಪುಣೆ, ಹೈದರಾಬಾದಿಗೆ: ಬೆಂಗಳೂರಿನಲ್ಲಿ ರಾಕ್‌ಸ್ಟಾರ್, ಝಿಂಗಾ ಇವೆ, ಪುಣೆಯಲ್ಲಿ ಯೂಬಿಸಾಫ್ಟ್, ಹೈದರಾಬಾದಿನಲ್ಲಿ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್). ಬೆಳಗಾವಿಯಿಂದ ಬೆಂಗಳೂರಿಗಿಂತ ಪುಣೆ ಹತ್ತಿರ. ನಿಮಗೊಂದು ವಿನಂತಿ: ಹಟ ಅಂತ ಬೈಯಬೇಡಿ, ಒಂದು ಗೇಮ್ ಮುಗಿಸಿ ತೋರಿಸು ಅನ್ನಿ. ಮುಗಿಸಿ ತಂದರೆ ಕೂತು ಆಡಿ ನೋಡ್ರಿ.

ಪ್ರಶ್ನೆ (ಡಿಪ್ಲೊಮಾ, ಮುಧೋಳ): ಟೆಲಿಗ್ರಾಮಿನ್ಯಾಗ ‘ಮನಿಯಾಗ ಕುಂತು ಗೇಮ್ ಟೆಸ್ಟ್ ಮಾಡ್ರಿ, ದಿನಾ 3,000’ ಅಂತ ಬಂದೇತಿ. ರಿಜಿಸ್ಟ್ರೇಶನ್ 1,500 ಕೇಳತಾರ. ಕಟ್ಲೇನ್ರಿ?

ಟೆಸ್ಟರ್: ಒಂದು ರೂಪಾಯಿನೂ ಕಟ್ಟಬ್ಯಾಡ್ರಿ, ಮೋಸ ಅದು. ಕೆಲಸ ಕೊಡಾವ್ರು ದುಡ್ಡು ಕೇಳಂಗಿಲ್ಲ. ಈಗಾಗಲೇ ಕಳಿಸಿದ್ರ ಲಗೂನ 1930ಕ್ಕ ಫೋನ್ ಹಚ್ರಿ, ಸೈಬರ್ ವಂಚನೆ ಸಹಾಯವಾಣಿ ಅದು.

ಖರೇ ಟೆಸ್ಟಿಂಗ್ ಅಂದ್ರ ಗೇಮ್ ಆಡಿ ಮಜಾ ಮಾಡೂದಲ್ಲ. ಒಂದ ಬಾಗಿಲಾ 40 ಸಲ ತಗದು ಹಾಕೂದು, ಲೋಡ್ ಆಗೂ ಹೊತ್ತಿನ್ಯಾಗ ಕಾಲ್ ಬರಿಸೂದು, ಸೇವ್ ಆಗೂವಾಗ ಚಾರ್ಜ್ ಮುಗಿಸೂದು, ಅದ ಕೆಲಸ. ಅದನ್ನ ಬರಿಯೂದು ಇನ್ನೂ ದೊಡ್ಡ ಕೆಲಸ. ‘ಗೇಮ್ ಹ್ಯಾಂಗ್ ಆಗತೈತಿ’ ಅಂತ ಬರದ್ರ ಪ್ರೋಗ್ರಾಮರ್‌ಗೆ ಏನೂ ತಿಳಿಯಂಗಿಲ್ಲ. ಹಿಂಗ ಬರೀರಿ:

‘ಬಿಲ್ಡ್ 0.4.12. ಆಂಡ್ರಾಯ್ಡ್ 12, 3 ಜಿಬಿ ರ‍್ಯಾಮ್. ಹಂತ: 3ನೇ ಲೆವೆಲ್ ಶುರು ಮಾಡಿ, ಪಾಜ್ (ಆಟ ತಡೆಯುವ ಬಟನ್) ಒತ್ತಿ, ಹೋಮ್ ಬಟನ್ ಒತ್ತಿ ಹೊರಗೆ ಬಂದು, 30 ಸೆಕೆಂಡ್ ಬಿಟ್ಟು ಮರಳಿ ತೆರೆಯಿರಿ. ಆಗಬೇಕಾದ್ದು: ಪಾಜ್ ಮೆನು ಕಾಣಬೇಕು. ಆಗುತ್ತಿರುವುದು: ಸಂಗೀತ ನಡೆಯುತ್ತದೆ, ಪರದೆ ಕಪ್ಪು. 10ರಲ್ಲಿ 7 ಸಲ.’

ಪ್ಲೇ ಸ್ಟೋರಿನ್ಯಾಗ ಇರೂ ಯಾವದರ ಉಚಿತ ಗೇಮ್ ತಗೊಂಡು ಇಂಥಾ 10 ವರದಿ ಬರದು ಅರ್ಜಿ ಜೋಡಿ ಕಳಸ್ರಿ. ಇಂಗ್ಲೀಷಿನ್ಯಾಗ ಬರೀಬೇಕು, ಸಣ್ಣ ಸಣ್ಣ ವಾಕ್ಯ ಸಾಕು. ಟೆಸ್ಟಿಂಗಿನಿಂದ ಡಿಸೈನ್, ಪ್ರೊಡಕ್ಷನ್ ಕಡೆ ಹೋಗಾಕ ದಾರಿ ಐತಿ, ಆದ್ರ ಮೊದಲಿನ ನೌಕರಿ ಭಾಳ ಕಡೆ ಗುತ್ತಿಗೆ ಮ್ಯಾಗಿನದು, ಪಗಾರನೂ ಪ್ರೋಗ್ರಾಮರ್‌ಗಿಂತ ಕಡಿಮಿ.

ಪ್ರಶ್ನೆ (ಎಂಜಿನಿಯರಿಂಗ್ 6ನೇ ಸೆಮ್, ಬೆಳಗಾವಿ): ಯೂನಿಟಿಯಾಗ ಗೇಮ್ ಮಾಡಿ ಮುಗಿಸೀನ್ರಿ. ಪ್ಲೇ ಸ್ಟೋರ್‌ಗೆ ಹಾಕಬೇಕಂತೀನಿ. ನನ್ನ ಫೋನಿನ್ಯಾಗ ಚಲೋ ಓಡತೈತಿ, ದೋಸ್ತನ ಫೋನಿನ್ಯಾಗ ಎಲ್ಲಾ ಎರಡು ಪಟ್ಟು ಜೋರ್ ಓಡತೈತಿ. ಯಾಕ್ರಿ?

ಪ್ರೋಗ್ರಾಮರ್: ನಿಮ್ಮ ಫೋನಿನಲ್ಲಿ ಗೇಮ್ ಸೆಕೆಂಡಿಗೆ 60 ಫ್ರೇಮಿನಲ್ಲಿ (ಫ್ರೇಮ್ ಅಂದರೆ ಪರದೆಯ ಒಂದೊಂದು ಚಿತ್ರ), ಅವರದರಲ್ಲಿ 120ರಲ್ಲಿ ಓಡುತ್ತಿದೆ. ಪ್ರತಿ ಫ್ರೇಮಿಗೆ ಇಷ್ಟು ಸರಿಸು ಅಂತ ಬರೆದಿದ್ದೀರಿ. ವೇಗವನ್ನು ಡೆಲ್ಟಾ ಟೈಮಿನಿಂದ (ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಆದ ಸಮಯ) ಗುಣಿಸಿ. ಫಿಸಿಕ್ಸ್ ಕೋಡ್ ಫಿಕ್ಸ್ಡ್ ಅಪ್‌ಡೇಟಿನಲ್ಲಿ (ನಿಗದಿತ ಅಂತರಕ್ಕೊಮ್ಮೆ ನಡೆಯುವ ಕೋಡ್) ಇರಲಿ, ಬೆರಳು ಒತ್ತಿದ್ದನ್ನು ಓದುವುದು ಮಾತ್ರ ಅಪ್‌ಡೇಟಿನಲ್ಲಿ (ಫ್ರೇಮಿಗೊಮ್ಮೆ ನಡೆಯುವ ಕೋಡ್). ಅದನ್ನೂ ಫಿಕ್ಸ್ಡಿಗೆ ಹಾಕಿದರೆ ಕೆಲವು ಒತ್ತು ತಪ್ಪಿಹೋಗುತ್ತವೆ.

ಇನ್ನೊಂದು, ಬಿಸಿಲಲ್ಲಿ ಪರೀಕ್ಷಿಸಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಫೋನ್ ಬೇಗ ಕಾಯುತ್ತದೆ, ಕಾದ ಫೋನ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎರಡು ನಿಮಿಷ ಆಡಿ ಸರಿ ಅನ್ನಬೇಡಿ, ಅಗ್ಗದ ಫೋನಿನಲ್ಲಿ ಬಿಡದೆ 20 ನಿಮಿಷ ಆಡಿ. 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ 16.67 ಮಿಲಿಸೆಕೆಂಡ್ ಸಿಗುತ್ತದೆ. ಪ್ರೊಫೈಲರಿನಲ್ಲಿ (ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಸಾಧನ) 11-12ರೊಳಗೆ ಇದ್ದರೆ ಕಾದಾಗಲೂ ತಾಳುತ್ತದೆ. ಗುಂಡು, ಚೆಂಡುಗಳನ್ನು ಹುಟ್ಟಿಸಿ ಅಳಿಸುತ್ತ ಇರಬೇಡಿ. ಮೊದಲೇ 30 ಮಾಡಿಟ್ಟು ಮತ್ತೆ ಮತ್ತೆ ಬಳಸಿ, ಇಲ್ಲವಾದರೆ ಗಾರ್ಬೇಜ್ ಕಲೆಕ್ಷನ್ (ಬಳಸಿ ಬಿಟ್ಟ ಮೆಮೊರಿಯ ತೆರವು) ನಡೆದಾಗಲೆಲ್ಲ ಗೇಮ್ ಜರ್ಕ್ ಹೊಡೆಯುತ್ತದೆ.

ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮುಂಚೆ ಕ್ಲೋಸ್ಡ್ ಟೆಸ್ಟ್ (ಆಯ್ದ ಜನರಿಂದ ಪರೀಕ್ಷೆ) ಕಡ್ಡಾಯ: ಕನಿಷ್ಠ 12 ಜನ, ಸತತ 14 ದಿನ. 15-16 ಜನರನ್ನು ಸೇರಿಸಿಕೊಳ್ಳಿ, ನಡುವೆ ಇಬ್ಬರು ಬಿಟ್ಟು ಹೋದರೂ ಲೆಕ್ಕ ಕೆಡುವುದಿಲ್ಲ. ಎಪಿಕೆ ಅಲ್ಲ, ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್) ಫೈಲ್ ಏರಿಸಬೇಕು. ಅದಕ್ಕೂ ಮುಂಚೆ ವೆಬ್ ಬಿಲ್ಡನ್ನು (ಬ್ರೌಸರಿನಲ್ಲೇ ಆಡುವ ರೂಪ) ಗೇಮ್ ಹಂಚುವ ಜಾಲತಾಣ ಇಚ್ ಡಾಟ್ ಐಓದಲ್ಲಿ ಹಾಕಿ, ಅಲ್ಲಿ ದುಡ್ಡು ಬೇಕಿಲ್ಲ, ಇಂಟರ್‌ವ್ಯೂ ಮಾಡುವವರು ಲಿಂಕ್ ಒತ್ತಿದ ಕೂಡಲೇ ಆಡಬಹುದು. ಲೋಡಿಂಗಿನಲ್ಲೇ ನಿಂತುಬಿಟ್ಟರೆ ಪಬ್ಲಿಷಿಂಗ್ ಸೆಟ್ಟಿಂಗಿನಲ್ಲಿ ‘ಡಿಕಂಪ್ರೆಷನ್ ಫಾಲ್‌ಬ್ಯಾಕ್’ ಆನ್ ಮಾಡಿ. ಜಿಪ್ ತೆರೆದ ಕೂಡಲೇ ಇಂಡೆಕ್ಸ್ ಫೈಲ್ ಕಾಣಬೇಕು, ಒಳಗಿನ ಫೋಲ್ಡರಿನಲ್ಲಿ ಇರಬಾರದು.

ಅದೇ ವಿದ್ಯಾರ್ಥಿ: ಕೋಡ್ ಗಿಟ್‌ಹಬ್‌ಗೆ (ಕೋಡ್ ಇಡೂ ಜಾಲತಾಣ) ಹಾಕಿದ್ದೆ, ದೋಸ್ತ ಇಳಿಸಿಕೊಂಡ್ರ ಎಲ್ಲಾ ಸ್ಕ್ರಿಪ್ಟ್ ‘ಮಿಸ್ಸಿಂಗ್’ ತೋರಸಾಕತ್ತೇತ್ರಿ.

ಪ್ರೋಗ್ರಾಮರ್: ಮೆಟಾ ಫೈಲುಗಳನ್ನು ಕಮಿಟ್ ಮಾಡಿಲ್ಲ, ಅಂದರೆ ಕೋಡಿನ ಜತೆ ಸೇರಿಸಿಲ್ಲ. ಯಾವ ಫೈಲ್ ಎಲ್ಲಿ ಜೋಡಣೆಯಾಗಿದೆ ಅನ್ನುವ ಗುರುತಿನ ಸಂಖ್ಯೆ ಇರುವುದು ಅದರಲ್ಲೇ. ಅಸೆಟ್ಸ್, ಪ್ಯಾಕೇಜಸ್, ಪ್ರಾಜೆಕ್ಟ್ ಸೆಟ್ಟಿಂಗ್ಸ್ ಈ ಮೂರು ಫೋಲ್ಡರ್ ಮೆಟಾ ಸಮೇತ ಹಾಕಿ. ಲೈಬ್ರರಿ, ಟೆಂಪ್ ಹಾಕಬೇಡಿ, ಅವು ತಾವೇ ಮರಳಿ ಹುಟ್ಟುತ್ತವೆ. 100 ಎಂಬಿ ಮೀರಿದ ಫೈಲನ್ನು ಗಿಟ್‌ಹಬ್ ತಡೆಯುತ್ತದೆ, ಅಂಥದಕ್ಕೆ ಗಿಟ್ ಎಲ್‌ಎಫ್‌ಎಸ್ ಬಳಸಿ. ಸರಿಪಡಿಸಿ ಲಿಂಕ್ ಇಲ್ಲೇ ಹಾಕ್ರಿ, ಯಾವ ಯಾವ ಫೋನಿನಲ್ಲಿ ನೋಡಿದಿರಿ ಅನ್ನೋದೂ ಬರೀರಿ. ಆಡಿ, ನೋಡಿ ಹೇಳತೀವಿ.