ಹಾರ್ಟ್ಸ್ ಆಫ್ ಐರನ್: ಮೂರನೆಯದಕ್ಕೆ ಹೋಲಿಸಿದರೆ ನಾಲ್ಕನೆಯದರ ಆಳ ಕಡಿಮೆಯೇ?

ಗಡಿಕಾವಲು:
ಎಲ್ಲರಿಗೂ ನಮಸ್ಕಾರ. ಪ್ಯಾರಡಾಕ್ಸ್ ಸಂಸ್ಥೆಯ, ಎರಡನೆಯ ಮಹಾಯುದ್ಧದ ಕಾಲದ ಒಂದು ದೇಶವನ್ನು ನಡೆಸುವ ಹಾರ್ಟ್ಸ್ ಆಫ್ ಐರನ್ ಎಂಬ ಕಂಪ್ಯೂಟರ್ ಆಟಗಳ ಸರಣಿಯಲ್ಲಿ 2009ರಲ್ಲಿ ಬಂದ ಮೂರನೆಯ ಆಟವನ್ನು ಅದರ ಮೂರೂ ವಿಸ್ತರಣೆಗಳೊಂದಿಗೆ ನಾನು ಬಹಳ ವರ್ಷ ಆಡಿದ್ದೇನೆ. 2016ರಲ್ಲಿ ಬಂದ ನಾಲ್ಕನೆಯದನ್ನು ಹಿಡಿದು ಈಗ ಎರಡು ತಿಂಗಳಾಯಿತು. ಮೂರನೆಯದರಲ್ಲಿ ಜರ್ಮನಿಯನ್ನು ಆಯ್ದುಕೊಂಡರೆ ಕೆಳಗಿನ ಡಿವಿಷನ್ ಎಂಬ ಸೇನಾ ತುಕಡಿಯಿಂದ ಮೇಲಕ್ಕೆ ಕೋರ್, ಆರ್ಮಿ, ಆರ್ಮಿ ಗ್ರೂಪ್, ಥಿಯೇಟರ್ ಎಂಬ ಐದು ಹಂತಗಳ ಸೇನೆಯನ್ನು ಜೋಡಿಸಿಕೊಳ್ಳುವುದಕ್ಕೇ ಒಂದು ಇಡೀ ಸಂಜೆ ಬೇಕಾಗುತ್ತಿತ್ತು. ನಾಲ್ಕನೆಯದರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು ಬಾಣ ಹಾಕಿದರೆ ಡಿವಿಷನ್‌ಗಳು ತಾವಾಗಿಯೇ ಹಂಚಿಕೊಂಡು ನಿಲ್ಲುತ್ತವೆ. ಸಮಯ ಉಳಿಯುತ್ತದೆ ನಿಜ, ಆದರೆ ಇದು ನಾನು ಕಟ್ಟಿದ ಸೈನ್ಯ ಎಂಬ ಭಾವ ಮಾತ್ರ ಬರುತ್ತಿಲ್ಲ. ನಾನು ಇದನ್ನು ಆಡುತ್ತಿರುವ ರೀತಿಯಲ್ಲೇ ತಪ್ಪಿದೆಯೇ ಅಥವಾ ಆಟವೇ ತೆಳುವಾಗಿದೆಯೇ ಎಂಬುದನ್ನು ಎರಡನ್ನೂ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉಗ್ರಾಣಿ:
ಗಡಿಕಾವಲು ಅವರೇ, ಎರಡನ್ನೂ ಸಾಕಷ್ಟು ಆಡಿದವನಾಗಿ ಹೇಳುತ್ತೇನೆ: ನೀವು ಆಳವನ್ನು ರಣರಂಗದಲ್ಲಿ ಹುಡುಕುತ್ತಿದ್ದೀರಿ, ನಾಲ್ಕನೆಯ ಆಟ ಅದನ್ನು ಕಾರ್ಖಾನೆಯಲ್ಲಿ ಇಟ್ಟಿದೆ. ಮೂರನೆಯದರಲ್ಲಿ ಕೈಗಾರಿಕಾ ಸಾಮರ್ಥ್ಯದ ಒಂದು ಪಾಲನ್ನು ಇಷ್ಟು ದಿನಕ್ಕೆಂದು ಕಟ್ಟಿಟ್ಟರೆ, ಅವಧಿ ಮುಗಿದಾಗ ಮೂರು ಸಾವಿರ ಜನರ ಬ್ರಿಗೇಡ್ ಒಂದು ಆಯುಧ ಸಮೇತ ಸಿದ್ಧವಾಗಿ ಕೈಗೆ ಬರುತ್ತಿತ್ತು. ಬಂದೂಕು ಎಲ್ಲಿಂದ ಬಂತು ಎಂದು ನಾವು ಕೇಳುತ್ತಿರಲಿಲ್ಲ. ನಾಲ್ಕನೆಯದರಲ್ಲಿ ಒಂದು ಕಾಲಾಳು ಬೆಟಾಲಿಯನ್‌ಗೆ ಸಾವಿರ ಜನ ಮತ್ತು ನೂರು ಘಟಕ ಕಾಲಾಳು ಆಯುಧ ಬೇಕು. ಜನರ ಲೆಕ್ಕ ಬೇರೆ, ಆಯುಧದ ಲೆಕ್ಕ ಬೇರೆ, ಎರಡರಲ್ಲಿ ಯಾವುದು ಕಡಿಮೆಯಾದರೂ ಡಿವಿಷನ್ ಅರೆಬರೆಯಾಗಿಯೇ ಉಳಿಯುತ್ತದೆ.

ಇದರ ಬಿಸಿ ನನಗೆ ತಟ್ಟಿದ್ದು ಸೋವಿಯತ್ ಒಕ್ಕೂಟದ ಮೇಲೆ ಯುದ್ಧ ಸಾರಿದ ತಿಂಗಳಲ್ಲೇ. ಹೊಸ ಮಾದರಿಯ ಮಧ್ಯಮ ಟ್ಯಾಂಕ್‌ನ ಸಂಶೋಧನೆ ಮುಗಿಯಿತೆಂಬ ಸಂತೋಷದಲ್ಲಿ ಎಲ್ಲ ಉತ್ಪಾದನಾ ಸಾಲುಗಳನ್ನೂ ಒಮ್ಮೆಗೇ ಹೊಸದಕ್ಕೆ ಬದಲಿಸಿದೆ. ಸಾಲು ಬದಲಾದಾಗ ಹಳೆಯ ಮಾದರಿಯಲ್ಲಿ ಗಳಿಸಿದ್ದ ದಕ್ಷತೆ ಕುಸಿಯುತ್ತದೆ, ಮತ್ತೆ ಮೇಲೇರಲು ತಿಂಗಳುಗಳೇ ಬೇಕು. ಸೆಪ್ಟೆಂಬರ್ ಹೊತ್ತಿಗೆ ನನ್ನ ಪೆಂಜರ್ (ಜರ್ಮನ್ ಟ್ಯಾಂಕ್) ಡಿವಿಷನ್‌ಗಳ ಬಳಿಯಿದ್ದ ಆಯುಧ ಅರ್ಧಕ್ಕೆ ಇಳಿದಿತ್ತು. ಶತ್ರು ನನ್ನನ್ನು ಸೋಲಿಸಿರಲಿಲ್ಲ. ಜೂನ್ ತಿಂಗಳಲ್ಲಿ ನಾನೇ ಒತ್ತಿದ ಒಂದು ಗುಂಡಿ ಸೋಲಿಸಿತ್ತು. ಇಂತಹ ಪಾಠ ಮೂರನೆಯ ಆಟದಲ್ಲಿ ನನಗೆ ಸಿಕ್ಕಿರಲಿಲ್ಲ.

ಕಾವೇರಿತೀರ:
ಉಗ್ರಾಣಿಯವರ ಮಾತು ಸರಿ, ಆದರೆ ಪ್ರಶ್ನೆ ಕೇಳಿದವರ ನೋವೂ ಸಣ್ಣದಲ್ಲ. ಮೂರನೆಯದರಲ್ಲಿ ಪ್ರತಿಯೊಂದು ಡಿವಿಷನ್‌ಗೂ ಹೆಸರುಳ್ಳ ಒಬ್ಬ ನಾಯಕನಿರುತ್ತಿದ್ದ, ಅವನ ಗುಣಗಳಿರುತ್ತಿದ್ದವು, ಗೆದ್ದರೆ ಬಡ್ತಿ ಕೊಡಬಹುದಿತ್ತು. ಕೋರ್ ಕಚೇರಿ ಹಿಂದುಳಿದು ರೇಡಿಯೊ ವ್ಯಾಪ್ತಿ ತಪ್ಪಿದರೆ ಮೇಲಧಿಕಾರಿಯ ಲಾಭ ಕೆಳಗಿನವರಿಗೆ ಸಿಗುತ್ತಿರಲಿಲ್ಲ, ಹಾಗಾಗಿ ಕಚೇರಿಯನ್ನೂ ಸೈನ್ಯದ ಹಿಂದೆಯೇ ನಡೆಸಿಕೊಂಡು ಹೋಗಬೇಕಿತ್ತು. ನಾಲ್ಕನೆಯದರಲ್ಲಿ ಇಪ್ಪತ್ನಾಲ್ಕು ಡಿವಿಷನ್‌ಗಳಿಗೆ ಒಬ್ಬ ಜನರಲ್. ಆರ್ಮಿ ಗ್ರೂಪ್ ಎಂಬ ಮೇಲಿನ ಹಂತ ಬಂದದ್ದೂ 2018ರ ಮಾರ್ಚ್‌ನಲ್ಲಿ. ಬರ್ಮಾದ ಅರಾಕಾನ್‌ನಲ್ಲಿ ಬ್ರಿಗೇಡ್ ನಡೆಸಿದ ನಮ್ಮ ಕೊಡಗಿನ ತಿಮ್ಮಯ್ಯನವರ ಬಗ್ಗೆ ಕೇಳುತ್ತಾ ಬೆಳೆದ ನನಗೆ, ಯುದ್ಧವೆಂದರೆ ಇಂಥ ನಡುಹಂತದ ಅಧಿಕಾರಿಗಳ ಕೆಲಸ. ಮೂರನೆಯ ಆಟ ಆ ಹಂತದ ಹತ್ತಿರಕ್ಕಾದರೂ ಬಂದಿತ್ತು. ಆ ವಿಷಯದಲ್ಲಿ ನಾಲ್ಕನೆಯದು ಬಡವಾಗಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉಗ್ರಾಣಿ:
ಕಾವೇರಿತೀರ ಅವರೇ, ನಾಯಕರ ವಿಷಯದಲ್ಲಿ ನಿಮ್ಮೊಂದಿಗೆ ವಾದಿಸುವುದಿಲ್ಲ.

ರೈಲುಮಾರ್ಗ:
ಇಬ್ಬರೂ ಸರಬರಾಜಿನ ಮಾತನ್ನೇ ಎತ್ತಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಎರಡು ಆಟಗಳ ನಡುವಿನ ನಿಜವಾದ ಅಂತರ ನನಗೆ ಕಂಡದ್ದು ಅಲ್ಲಿಯೇ. ಮೂರನೆಯದರಲ್ಲಿ ದಿನಸಿ ಮತ್ತು ಇಂಧನ ರಾಜಧಾನಿಯಿಂದ ಹೊರಟು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ದಿನದಿನವೂ ಸಾಗಬೇಕಿತ್ತು. ಕಲ್ಪನೆ ಸೊಗಸಾಗಿತ್ತು, ಆದರೆ ಹರಿವು ಎಲ್ಲಿ ಕಟ್ಟಿಕೊಂಡಿದೆ ಎಂದು ಕಂಡುಹಿಡಿಯುವುದು ಕಷ್ಟ, ಕಂಡರೂ ಮೂಲಸೌಕರ್ಯ ಹೆಚ್ಚಿಸುವುದು ಅಥವಾ ಡಿವಿಷನ್‌ಗಳನ್ನು ಹಿಂದಕ್ಕೆ ಕರೆಸುವುದು ಬಿಟ್ಟರೆ ಮಾಡಲು ಹೆಚ್ಚೇನೂ ಇರಲಿಲ್ಲ. ನಾಲ್ಕನೆಯದು ಬಿಡುಗಡೆಯಾದಾಗ ಇನ್ನೂ ಹಿಂದೆ ಸರಿದಿತ್ತು: ಪ್ರದೇಶಕ್ಕೊಂದು ಮಿತಿ, ಅಷ್ಟೇ. ಇಂಧನವನ್ನು ಸಂಗ್ರಹಿಸಿ ಉರಿಸುವ ಲೆಕ್ಕ ಬಂದದ್ದೇ 2019ರ ಫೆಬ್ರವರಿಯಲ್ಲಿ.

ಚಿತ್ರ ಬದಲಾದದ್ದು 2021ರ ನವೆಂಬರ್‌ನ ಪ್ಯಾಚ್‌ನಿಂದ (ಆಟದ ಪರಿಷ್ಕರಣೆಯಿಂದ), ಅದೂ ವಿಸ್ತರಣೆ ಕೊಳ್ಳದವರಿಗೂ ಉಚಿತವಾಗಿ. ಈಗ ರಾಜಧಾನಿಯಿಂದ ರೈಲುಹಳಿ, ಹಳಿಯ ಮೇಲೆ ಸರಬರಾಜು ಕೇಂದ್ರ, ಕೇಂದ್ರದಿಂದ ಮುಂದಕ್ಕೆ ಕುದುರೆ ಅಥವಾ ಲಾರಿ. ಹಳಿಗೆ ಒಂದರಿಂದ ಐದರವರೆಗೆ ಮಟ್ಟಗಳಿವೆ, ಮತ್ತು ಇಡೀ ಮಾರ್ಗದಲ್ಲಿ ಅತ್ಯಂತ ಕೆಳಮಟ್ಟದ ತುಂಡು ಎಷ್ಟನ್ನು ಹೊರುತ್ತದೆಯೋ ಅಷ್ಟು ಮಾತ್ರ ಮುಂದೆ ತಲುಪುತ್ತದೆ. ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡುತ್ತಾ ನಾನು ಮಿನ್ಸ್ಕ್ ದಾಟಿ ಸ್ಮೋಲೆನ್ಸ್ಕ್ ಮುಟ್ಟುವಷ್ಟರಲ್ಲಿ ಡಿವಿಷನ್‌ಗಳು ಹಸಿದು ನಿಂತವು. ನಕ್ಷೆಯನ್ನು ಹಿಗ್ಗಿಸಿ ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿದಾಗ ತಿಳಿಯಿತು, ಬಹಳ ಹಿಂದೆ ಒಂದೇ ಒಂದು ಪ್ರಾಂತ್ಯದಲ್ಲಿ ಹಳಿ ಹಾಳಾಗಿ ಹಾಗೆಯೇ ಬಿದ್ದಿತ್ತು. ಅದನ್ನು ದುರಸ್ತಿಗೆ ಹಾಕಿ, ಮುಂದಿನ ಕೇಂದ್ರಕ್ಕೆ ಲಾರಿಗಳನ್ನು ಹಂಚಿದ ಮೇಲೆಯೇ ಸೈನ್ಯ ಕದಲಿದ್ದು.

ಬರ್ಮಾ ಗಡಿಯಲ್ಲಂತೂ ಡಿವಿಷನ್ ಸೇರಿಸಿದಷ್ಟೂ ಹಸಿವು ಹೆಚ್ಚುತ್ತದೆ. 1944ರಲ್ಲಿ ಇಂಫಾಲ ಮತ್ತು ಕೊಹಿಮಾದ ಮೇಲೆ ಬಂದ ಜಪಾನಿನ ಮೂರು ಡಿವಿಷನ್‌ಗಳನ್ನು ನುಂಗಿದ್ದೂ ಬಹುಮಟ್ಟಿಗೆ ಇದೇ ಹಸಿವು. ಎದುರಿನ ಬ್ರಿಟಿಷ್ ಮತ್ತು ಭಾರತೀಯ ಸೈನ್ಯಕ್ಕೆ ದಿಮಾಪುರದ ರೈಲುತುದಿ ಮತ್ತು ವಿಮಾನಗಳ ಆಸರೆಯಿತ್ತು. ಆ ಸತ್ಯವನ್ನು ನಾಲ್ಕನೆಯ ಆಟ ಇವತ್ತು ಕೈಗೆ ಕೊಟ್ಟು ತೋರಿಸುವಷ್ಟು ಸ್ಪಷ್ಟವಾಗಿ ಮೂರನೆಯದು ತೋರಿಸಲಿಲ್ಲ.

ಗಡಿಕಾವಲು:
ಎಲ್ಲರಿಗೂ ಧನ್ಯವಾದಗಳು. ಸರಬರಾಜಿನ ನಕ್ಷೆಯನ್ನು ನಾನು ಇದುವರೆಗೆ ತೆರೆದೇ ನೋಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದೇ ಸಂದೇಹ: ಗೆರೆ, ಬಾಣಗಳನ್ನು ಪೂರ್ತಿ ಬಿಟ್ಟು ಹಳೆಯ ಆಟದಂತೆ ಪ್ರತಿ ಡಿವಿಷನ್ನನ್ನೂ ಕೈಯಾರೆ ನಡೆಸಿದರೆ ನಷ್ಟವಿದೆಯೇ?

ರೈಲುಮಾರ್ಗ:
ಪೂರ್ತಿ ಬಿಡಬೇಡಿ. ಯೋಜನೆ ಹಾಕಿ ಕಾದು ನಿಂತ ಡಿವಿಷನ್‌ಗಳಿಗೆ ದಿನ ಕಳೆದಂತೆ ದಾಳಿಯಲ್ಲಿ ಹೆಚ್ಚುವರಿ ಬಲ ಸೇರುತ್ತದೆ, ಗೆರೆಯೇ ಇಲ್ಲದಿದ್ದರೆ ಅದು ಸಿಗುವುದಿಲ್ಲ. ಕಾಲಾಳುಗಳನ್ನು ಗೆರೆಗೆ ಒಪ್ಪಿಸಿ. ಟ್ಯಾಂಕ್‌ಗಳಿಗೂ ಬಾಣ ಹಾಕಿ ಬಲ ತುಂಬುವವರೆಗೆ ಕಾಯಿರಿ, ಆಮೇಲೆ ಆಜ್ಞೆಯನ್ನು ನೀವೇ ಕೈಯಾರೆ ಕೊಡಿ. ಕೂಡಿಟ್ಟ ಬಲ ಕರಗುತ್ತಾ ಹೋದರೂ ಮೊದಲ ಸೀಳಿಕೆಗೆ ಸಾಕಾಗುತ್ತದೆ.