ಬ್ರೌವರ್ ತಮ್ಮದೇ ಪ್ರಮೇಯ ಒಪ್ಪಲಿಲ್ವಾ?

ಹಾಸನದ ಎಂಎಸ್ಸಿ ವಿದ್ಯಾರ್ಥಿನಿ: ಡಚ್ ಗಣಿತಜ್ಞ ಬ್ರೌವರ್ ಅವರ ಸ್ಥಿರಬಿಂದು ಪ್ರಮೇಯ ನಮಗೆ ಪಾಠಕ್ಕಿದೆ. ಆಮೇಲೆ ಅವರೇ ಅದರ ಸಾಧನೆ (ಪ್ರೂಫ್) ಒಪ್ಪಲಿಲ್ಲ ಅಂತಾರೆ, ನಿಜಾನಾ?

ಚಿಕ್ಕಮಗಳೂರು ಮೇಷ್ಟ್ರು: ನಿಜಾನೇ ಕಣಮ್ಮ. ಆ ಪ್ರಮೇಯಕ್ಕೆ ಒಂದು ಉದಾಹರಣೆ: ಹಾಸನ ಜಿಲ್ಲೆಯ ಮ್ಯಾಪನ್ನು ನಿಮ್ಮ ರೂಮಿನ ನೆಲಕ್ಕೆ ಹಾಸು, ಅದರ ಒಂದು ಚುಕ್ಕೆ ತಾನು ತೋರಿಸುವ ಜಾಗದ ಮೇಲೇ ಕೂತಿರುತ್ತದೆ. ಪ್ರಮೇಯ ಸುಮ್ನೆ ‘ಇದೆ’ ಅನ್ನುತ್ತದೆ, ಎಲ್ಲಿ ಅಂತ ಹುಡುಕಿಕೊಡುವುದಿಲ್ಲ. ಬ್ರೌವರ್‌ಗೆ ಅದೇ ತಕರಾರು: ಕಟ್ಟಿ ತೋರಿಸದೆ ‘ಇದೆ’ ಅನ್ನಬಾರದು. 1907ರ ಥೀಸಿಸ್‌ನಲ್ಲೇ ಅದರ ಬೀಜ ಇತ್ತು, 1912ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರೊಫೆಸರ್ ಆದ ಮೇಲೆ ಇನ್ನೂ ಜಾಸ್ತಿಯಾಯಿತು.

ಸಕಲೇಶಪುರದಿಂದ: ಜಗಳದ ಕಥೆ ಬಿಟ್ಟಿರಲ್ಲ ಸರ್! ಬ್ರೌವರ್ ವಾದವನ್ನು ವಿರೋಧಿಸುತ್ತಿದ್ದ ಜರ್ಮನ್ ಗಣಿತಜ್ಞ ಹಿಲ್ಬರ್ಟ್ 1928ರಲ್ಲಿ ಇವರನ್ನು ಮ್ಯಾಥಮ್ಯಾಟಿಷೆ ಅನ್ನಾಲೆನ್ ಎಂಬ ಗಣಿತ ಪತ್ರಿಕೆಯ ಸಂಪಾದಕ ಮಂಡಳಿಯಿಂದಲೇ ಹೊರಗೆ ಹಾಕಿಸಿದರು. ಅದೇ ಮಂಡಳಿಯಲ್ಲಿದ್ದ ಐನ್‌ಸ್ಟೀನ್ ಯಾರ ಪರವೂ ನಿಲ್ಲಲಿಲ್ಲ, ಜಾಣರು.