ಪುಂಡಿ, ಮೆಂತ್ಯ, ಬದನೆ ಎಲ್ಲಾ ಒಟ್ಟಿಗೇ ಬಂದಿವೆ, ಹೇಗೆ ಮಾಡಿ ಉಣ್ಣೋದು?

ಸೇಡಂ ರಸ್ತೆ ಹಿತ್ತಲು
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮ ಮನೆ ಹಿಂದೆ ಸ್ವಲ್ಪ ಎರೆಮಣ್ಣಿನ ಜಾಗ ಇದೆ. ದಸರಾ ಹೊತ್ತಿಗೆ ಪುಂಡಿ ಸೊಪ್ಪು, ಮುಳ್ಳುಬದನೆ, ಟೊಮೆಟೊ ಹಾಕಿದ್ದೆವು, ಆಮೇಲೆ ಮೆಂತ್ಯ. ಈಗ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಮುಗಿದಿದೆ, ಎಲ್ಲಾ ಒಂದೇ ಸಲ ಕೈಗೆ ಬಂದಿದೆ. ಇಷ್ಟು ಚೆನ್ನಾಗಿ ಬೆಳೆದದ್ದು ಬಾಡಿ ಹೋಗುವುದನ್ನು ನೋಡೋಕೆ ಆಗುತ್ತಿಲ್ಲ. ಮೂರು ವಿಷಯ ಕೇಳಬೇಕಿತ್ತು.

ಪುಂಡಿ ಪಲ್ಯಕ್ಕೆ ತೊಗರಿಬೇಳೆ, ಜೋಳದ ನುಚ್ಚು, ಸೊಪ್ಪು ಎಲ್ಲಾ ಒಟ್ಟಿಗೇ ಕುಕ್ಕರಿಗೆ ಹಾಕಿದರೆ ಎಷ್ಟು ಸೀಟಿ ಹೊಡೆಸಿದರೂ ಬೇಳೆ ಹಾಗೇ ಕಾಳು ಕಾಳಾಗಿ ಉಳಿಯುತ್ತದೆ. ಅದೇ ಬೇಳೆ ಸಾರಿಗೆ ಹಾಕಿದರೆ ಬೆಣ್ಣೆ ಹಾಗೆ ಬೇಯುತ್ತದೆ. ಯಾಕೆ? ಎರಡನೇದು, ಒಂದೇ ಗಿಡದ ಬದನೆಕಾಯಿ, ಒಂದು ಮೆತ್ತಗೆ, ಇನ್ನೊಂದು ಬರೀ ಬೀಜ, ಕಹಿ. ಕೊಯ್ಯುವಾಗಲೇ ಗೊತ್ತಾಗುವ ಹಾಗೆ ಏನಾದರೂ ಇದೆಯಾ? ಮೂರನೇದು ಮೆಂತ್ಯ. ಮನೆಯಲ್ಲಿ ಇರೋದು ನಾಲ್ಕೇ ಜನ, ದಿನಾ ಅದೇ ಪಲ್ಯ ಅಂದರೆ ಮಕ್ಕಳು ತಟ್ಟೆ ಸರಿಸುತ್ತಾರೆ.

ಆಳಂದದ ಅಣ್ಣ
ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ತಂಗಿ, ಎರಡೇ ಸೀಟಿಗೆ ಬೇಯುತ್ತದೆ. ಹೋಟೆಲಿನಲ್ಲಿ ಹಾಗೇ ಮಾಡುತ್ತಾರೆ.

ಬೀದರ್ ಕೆಂಪುಮಣ್ಣು
ಸೋಡಾ ಬೇಡ ಅಕ್ಕಾ. ಅಣ್ಣಾ, ತಪ್ಪು ತಿಳಿಯಬೇಡಿ. ಬೇಳೆ ಬೇಗ ಬೇಯುತ್ತದೆ ನಿಜ, ಆದರೆ ಸೋಡಾ ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ರುಚಿಯೂ ಸಾಬೂನಿನ ಹಾಗೆ ಆಗುತ್ತದೆ. ಪುಂಡಿಯ ಹುಳಿಯನ್ನೂ ಅದು ತಿಂದು ಹಾಕುತ್ತದೆ. ಆ ಹುಳಿಗೋಸ್ಕರವೇ ಅಲ್ವಾ ನಾವು ಪುಂಡಿ ಬೆಳೆಯೋದು?

ಕಾರಣ ಇಷ್ಟೇ. ಹುಳಿ ಇದ್ದ ನೀರಿನಲ್ಲಿ ಬೇಳೆ ಒಡೆಯುವುದಿಲ್ಲ. ಬೇಳೆಯನ್ನು ಗಟ್ಟಿಯಾಗಿ ಹಿಡಿದಿರುವ ಅಂಟು ಹುಳಿಯಲ್ಲಿ ಕರಗಲ್ಲ. ಹುಣಸೆ, ಟೊಮೆಟೊ ಮೊದಲೇ ಹಾಕಿದರೂ ಇದೇ ಕಥೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಕಷ್ಟ, ಅದರಲ್ಲಿರುವ ಸುಣ್ಣದ ಅಂಶವೂ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಹಾಗಾಗಿ ಬೇಳೆ, ನುಚ್ಚು, ಒಂದು ಹಿಡಿ ಶೇಂಗಾ, ಸ್ವಲ್ಪ ಅರಿಶಿನ, ಎರಡು ಹನಿ ಎಣ್ಣೆ ಇಷ್ಟನ್ನೇ ಕುಡಿಯುವ ನೀರಿನಲ್ಲಿ ಮೊದಲು ಪೂರ್ತಿ ಬೇಯಿಸಿಕೊಳ್ಳಿ. ಪುಂಡಿ ಎಲೆ ಬೇರೆ ಪಾತ್ರೆಯಲ್ಲಿ. ಬಿಸಿನೀರಿಗೆ ಹಾಕಿದ ತಕ್ಷಣ ಎಲೆಯ ಹಸಿರು ಹೋಗಿ ಮಾಸಲು ಕಂದು ಆಗುತ್ತದೆ, ಹೆದರಬೇಡಿ, ಹುಳಿಸೊಪ್ಪಿನ ಗುಣವೇ ಅದು. ಕೆಂಪು ದಂಟಿನ ಪುಂಡಿ ಆದರೆ ಹುಳಿ ಜಾಸ್ತಿ, ಬೆಂದ ನೀರು ಅರ್ಧ ಬಸಿದು ಬಿಡಿ. ಆಮೇಲೆ ಎರಡನ್ನೂ ಕೂಡಿಸಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ, ಉಪ್ಪು ಹಾಕಿ ಕುದಿಸಿ. ಒಗ್ಗರಣೆಗೆ ಬಳ್ಳೊಳ್ಳಿ ಕೈ ಬಿಚ್ಚಿ ಹಾಕಿ, ಕೆಂಪಗೆ ಆಗುವ ತನಕ ಬಿಡಿ.

ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲ್ ಅಥವಾ ಮಣ್ಣಿನ ಗಡಿಗೆ.

ಶಹಾಪುರದ ಸೊಸೆ
ಬದನೆಕಾಯಿ ವಿಷಯ ನಾನು ಹೇಳ್ತೀನಿ ಅಕ್ಕಾ. ನಮ್ಮ ಅತ್ತೆ ಗಾತ್ರ ನೋಡುವುದೇ ಇಲ್ಲ, ಹೊಳಪು ನೋಡುತ್ತಾರೆ. ಸಿಪ್ಪೆ ಮಿಂಚುತ್ತಿದ್ದರೆ ಎಳೆಯದು. ಮಂಕಾಯಿತು ಅಂದರೆ ಒಳಗೆ ಬೀಜ ಬಲಿಯುತ್ತಿದೆ ಅಂತ ಅರ್ಥ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ತಗ್ಗು ವಾಪಸ್ ಮೇಲೆ ಬಂದರೆ ಕೊಯ್ಯಿರಿ. ಬೆರಳೇ ಒಳಗೆ ಹೋಗದಷ್ಟು ಗಟ್ಟಿ ಇದ್ದರೆ ಇನ್ನೂ ಎರಡು ದಿನ ಬಿಡಿ. ಕೈಯಿಂದ ಎಳೆಯಬೇಡಿ, ಟೊಂಗೆ ಸೀಳುತ್ತದೆ, ಕತ್ತರಿ ಹಾಕಿ ತೊಟ್ಟಿನ ಸಮೇತ ತೆಗೆಯಿರಿ. ಎಳೆಯದಿದ್ದಾಗಲೇ ಕೊಯ್ಯುತ್ತಾ ಹೋದರೆ ಗಿಡ ಮತ್ತೆ ಮತ್ತೆ ಹೂ ಬಿಡುತ್ತದೆ. ಹಳದಿಗೆ ತಿರುಗಿದ್ದು ಅಡುಗೆಗೆ ಬೇಡ, ಬೀಜಕ್ಕೆ ಇಟ್ಟುಕೊಳ್ಳಿ.

ಎಣ್ಣೆಗಾಯಿಗೆ ತೊಟ್ಟು ಬಿಟ್ಟು ಬುಡದಿಂದ ನಾಲ್ಕು ಸೀಳು, ಉಪ್ಪಿನ ನೀರಿಗೆ ಹಾಕಿ, ಕಪ್ಪಾಗಲ್ಲ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಮಸಾಲೆ ಖಾರ, ಹುಣಸೆಹಣ್ಣು, ಚೂರು ಬೆಲ್ಲ. ಗುರೆಳ್ಳು ಬಿಡಬೇಡಿ, ಅದಿಲ್ಲದೆ ನಮ್ಮ ಕಡೆ ಎಣ್ಣೆಗಾಯಿ ಆಗುವುದೇ ಇಲ್ಲ. ಹಿತ್ತಲಿನ ಕಾಯಿ ಅಂಗಡಿಯದಕ್ಕಿಂತ ಬೇಗ ಬೇಯುತ್ತದೆ. ಉರಿ ಸಣ್ಣದಿಟ್ಟು ಮುಚ್ಚಿ, ಸೌಟು ಹಾಕಿ ತಿರುವಬೇಡಿ, ಬಾಣಲೆಯನ್ನೇ ಹಿಡಿದು ಅಲುಗಾಡಿಸಿ. ತೊಟ್ಟಿನ ಹತ್ತಿರ ಚಾಕು ತುದಿ ಇಳಿದು, ಅಂಚಿನಲ್ಲಿ ಎಣ್ಣೆ ಬಿಟ್ಟರೆ ಆಯಿತು.

ಸೇಡಂ ರಸ್ತೆ ಹಿತ್ತಲು
ಬೀದರ್ ಅವರೇ, ಇವತ್ತೇ ಬೇಳೆ ಬೇರೆ, ಪುಂಡಿ ಬೇರೆ ಬೇಯಿಸಿ ನೋಡಿದೆ. ಬೇಳೆ ಕರಗಿ ನುಚ್ಚಿನ ಜೊತೆ ಒಂದಾಗಿತ್ತು. ನಮ್ಮ ಮಾವನವರು ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡರು. ತುಂಬಾ ಥ್ಯಾಂಕ್ಸ್. ಮೆಂತ್ಯ ಇನ್ನೂ ಹಾಗೇ ಇದೆ, ನೋಡಿ.

ಶಹಾಪುರದ ಸೊಸೆ
ಎಳೆಯದಿದ್ದರೆ ಬೇಯಿಸಲೇಬೇಡಿ ಅಕ್ಕಾ. ಪಚಡಿ ಮಾಡಿ. ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ನಿಮ್ಮದೇ ಟೊಮೆಟೊ, ಶೇಂಗಾ ಪುಡಿ, ಲಿಂಬೆ, ಮೇಲೆ ಒಂದು ಚಮಚ ಹಸಿ ಕುಸುಬಿ ಎಣ್ಣೆ. ಉಪ್ಪು ಮಾತ್ರ ಉಣ್ಣಲು ಕೂತ ಮೇಲೆ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟು ಸೊಪ್ಪು ಜೋತು ಬೀಳುತ್ತದೆ. ಬಿಸಿ ಜೋಳದ ರೊಟ್ಟಿ ಜೊತೆ ಮಕ್ಕಳು ಇದನ್ನು ತಿನ್ನುತ್ತಾರೆ, ಬೇಯಿಸಿದ ಪಲ್ಯದಷ್ಟು ಕಹಿ ಅನಿಸುವುದಿಲ್ಲ.

ಆಳಂದದ ಅಣ್ಣ
ಸೋಡಾ ವಿಷಯ ಒಪ್ಪಿದೆ, ನಮ್ಮ ಮನೆಯಲ್ಲೂ ಹೇಳುತ್ತೇನೆ. ಮೆಂತ್ಯ ಬಲಿತಿದ್ದರೆ ಜುಣಕಕ್ಕೆ ಹಾಕಿ, ಕಡಲೆಹಿಟ್ಟಿನಲ್ಲಿ ಕಹಿ ಅಡಗುತ್ತದೆ. ಇಲ್ಲವಾದರೆ ಎಳ್ಳಮಾಸಿಗೆ ಸೊಪ್ಪು, ಕಾಳು, ತರಕಾರಿ ಎಲ್ಲಾ ಕೂಡಿಸಿ ಬೇಯಿಸುವ ಭಜ್ಜಿಯನ್ನೇ ಇನ್ನೊಮ್ಮೆ ಮಾಡಿ. ಹಬ್ಬ ಮುಗಿಯಿತು ಅಂತ ಮಾಡಬಾರದು ಅಂತೇನಿಲ್ಲ. ನಿಮ್ಮ ಮೆಂತ್ಯ, ಸ್ವಲ್ಪ ಪುಂಡಿ, ಬದನೆ ಇವೆ, ಹಸಿ ತೊಗರಿಕಾಳು, ಹಸಿ ಕಡಲೆ, ಗಜ್ಜರಿ ಸಂತೆಯಿಂದ ತಂದರೆ ಸಾಕು. ಕೊನೆಗೆ ಕಡಲೆಹಿಟ್ಟು ಕಲಸಿ ಬಿಟ್ಟು ಗಟ್ಟಿ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಜೊತೆ. ಹಿತ್ತಲಲ್ಲಿ ಬಂದದ್ದೆಲ್ಲ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ.

ಬೀದರ್ ಕೆಂಪುಮಣ್ಣು
ಒಂದು ಮಾತು ಬಿಟ್ಟಿದ್ದೆ. ಸೊಪ್ಪನ್ನು ಬಿಸಿಲೇರಿದ ಮೇಲೆ ಕೊಯ್ಯಬೇಡಿ. ಬೆಳಗ್ಗೆ ಅಥವಾ ಅಡುಗೆಗೆ ಸ್ವಲ್ಪ ಮುಂಚೆ, ಸಂಜೆ ತಂಪಿಗೆ. ಮೆಂತ್ಯ ಬೇರು ಸಮೇತ ಕೀಳದೆ ಮೇಲಿನ ತುದಿ ಮಾತ್ರ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಆವತ್ತಿಗೆ ಬೇಕಾದಷ್ಟೇ ಕೊಯ್ಯಬಹುದು. ಅಷ್ಟಾದರೂ ಉಳಿದರೆ ನೆರಳಲ್ಲಿ ಬಟ್ಟೆ ಮೇಲೆ ಹರಡಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಕೈಯಲ್ಲಿ ತಿಕ್ಕಿದರೆ ಪುಡಿ ಆಗಬೇಕು, ಆಮೇಲೆ ಡಬ್ಬಿಗೆ. ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ನಮ್ಮ ಕಡೆ ಮೆಂತ್ಯ ನಿಲ್ಲುವುದು ಕಷ್ಟ, ಆಗ ಬೇಳೆಗೆ ಇದನ್ನೇ ಹಾಕಬಹುದು. ಆ ಜಾಗಕ್ಕೆ ಈಗಲೇ ಚವಳಿಕಾಯಿ (ಗೋರಿಕಾಯಿ) ಬೀಜ ನೋಡಿಟ್ಟುಕೊಳ್ಳಿ, ಬಿಸಿಲು ತಡೆಯುತ್ತದೆ.